ವಿಲಿಯಮ್ ಗೆದ್ದ ಮೇಲೂ ನಿಲ್ಲದ ದಂಗೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

1066ರಲ್ಲಿ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯ ಡ್ಯೂಕ್ ವಿಲಿಯಮ್ ಸಮುದ್ರ ದಾಟಿ ಬಂದು ಹೇಸ್ಟಿಂಗ್ಸ್‌ನಲ್ಲಿ ಇಂಗ್ಲೆಂಡಿನ ರಾಜ ಹೆರಾಲ್ಡ್‌ನನ್ನು ಸೋಲಿಸಿದ ಕಥೆ ಕಳೆದ ಸಂಚಿಕೆಯಲ್ಲಿತ್ತು. ಅದನ್ನು ಓದಿದ ಹಲವರು "ಆಮೇಲೆ ಏನಾಯ್ತು?" ಅಂತ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಒಂದೇ ಒಂದು ಯುದ್ಧಕ್ಕೆ ಇಡೀ ದೇಶ ಸೋತಿತಾ? ಉಳಿದವರೆಲ್ಲ ಸುಮ್ನೆ ಕೂತಿದ್ದರಾ?

ಉತ್ತರ: ಕೂತಿರಲಿಲ್ಲ. ಆದರೆ ಅಕ್ಟೋಬರ್ 14ರಂದು ಹೆರಾಲ್ಡ್ ಜೊತೆಗೆ ಅವನ ಇಬ್ಬರು ತಮ್ಮಂದಿರೂ ಸತ್ತರು. ಮುಂದೆ ನಿಂತು ದಂಡು ಕೂಡಿಸುವವರೇ ಇಲ್ಲವಾದರು. ಲಂಡನ್ನಿನಲ್ಲಿದ್ದ ಹಿರಿಯರು ಹಳೇ ರಾಜವಂಶದ ಎಡ್ಗರ್ ಎಂಬ ಹುಡುಗನನ್ನು ರಾಜ ಅಂತ ಆರಿಸಿದರು. ಅವನಿಗೆ ಪಟ್ಟ ಕಟ್ಟುವ ಮೊದಲೇ ವಿಲಿಯಮ್ ಊರೂರು ಸುಟ್ಟುಕೊಂಡು ಲಂಡನ್ ಸುತ್ತಿ ಬಂದ. ಎಡ್ಗರ್ ಸಮೇತ ಎಲ್ಲರೂ ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿ ಅವನಿಗೆ ಶರಣಾದರು. ಕ್ರಿಸ್‌ಮಸ್ ದಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಟ್ಟಾಭಿಷೇಕ. ಒಳಗೆ ಜನ ಒಪ್ಪಿಗೆಯ ಕೂಗು ಹಾಕಿದ್ದನ್ನು ಹೊರಗಿದ್ದ ಕಾವಲಿನವರು ಗಲಾಟೆ ಅಂತ ತಿಳಿದು ಅಕ್ಕಪಕ್ಕದ ಮನೆಗಳಿಗೆ ಬೆಂಕಿ ಇಟ್ಟರು. ಗೆದ್ದವರಿಗೆ ಎಷ್ಟು ಭಯ ಇತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

1067ರ ಮಾರ್ಚ್‌ನಲ್ಲಿ ರಾಜ ನಾರ್ಮಂಡಿಗೆ ಹೋದ. ದೇಶ ನೋಡಿಕೊಳ್ಳಲು ತಾಯಿಯ ಕಡೆಯ ತಮ್ಮ ಓಡೋ ಮತ್ತು ಆಪ್ತ ಗೆಳೆಯ ವಿಲಿಯಮ್ ಫಿಟ್ಸ್‌ಆಸ್ಬರ್ನ್ ಇದ್ದರು. ಕೆಲವೇ ತಿಂಗಳಲ್ಲಿ ಎರಡು ಕಡೆ ದಂಗೆ ಎದ್ದಿತು. ಪಶ್ಚಿಮದ ಗಡಿಯಲ್ಲಿ ಎಡ್ರಿಕ್ ಎಂಬ ಜಮೀನ್ದಾರ ಇಬ್ಬರು ವೆಲ್ಷ್ ರಾಜರನ್ನು ಕಟ್ಟಿಕೊಂಡು ಹೆರೆಫರ್ಡ್ ಸೀಮೆ ಕೊಳ್ಳೆ ಹೊಡೆದ. ಇತ್ತ ಕೆಂಟ್‌ನ ಜನ ಡೋವರ್ ಕೋಟೆ ಹಿಡಿಯಲು ಸಮುದ್ರದಾಚೆಯಿಂದ ಬುಲೋನ್‌ನ ಕೌಂಟ್ ಯೂಸ್ಟೇಸ್‌ನನ್ನು ಕರೆಸಿಕೊಂಡರು. ಈ ಯೂಸ್ಟೇಸ್ ಯಾರು ಗೊತ್ತಾ? ಹಿಂದಿನ ವರ್ಷ ಹೇಸ್ಟಿಂಗ್ಸ್‌ನಲ್ಲಿ ವಿಲಿಯಮ್ ಪರವಾಗಿ ಹೊಡೆದಾಡಿದವನು! ಇದನ್ನು ನೆನಪಿಡಿ. ಈ ಇಡೀ ಕಥೆಯಲ್ಲಿ ಇಂಗ್ಲಿಷರೆಲ್ಲ ಒಂದು ಕಡೆ, ನಾರ್ಮನ್ನರೆಲ್ಲ ಇನ್ನೊಂದು ಕಡೆ ಅಂತ ಗೆರೆ ಎಳೆಯಲು ಹೋದರೆ ಪ್ರತಿ ವರ್ಷವೂ ಆ ಗೆರೆ ಅಳಿಸಿಹೋಗುತ್ತದೆ.

1071ರವರೆಗೆ ದಂಗೆ ಇಲ್ಲದ ವರ್ಷವೇ ಇರಲಿಲ್ಲ. ಆದರೂ ಸೋತರು. ಕೆಲವರಿಗೆ ಎಡ್ಗರ್ ರಾಜನಾಗಬೇಕಿತ್ತು, ಕೆಲವರಿಗೆ ಡೆನ್ಮಾರ್ಕಿನ ರಾಜ ಸ್ವೆಯ್ನ್ ಬಂದರೂ ಆಗುತ್ತಿತ್ತು. ಹೆರಾಲ್ಡ್‌ನ ಮಕ್ಕಳಿಗೆ ಅಪ್ಪನ ಸಿಂಹಾಸನ ಬೇಕಿತ್ತು. ಇನ್ನು ಕೆಲವು ಊರುಗಳಿಗೆ ಕಂದಾಯ ಏರದಿದ್ದರೆ ಸಾಕಿತ್ತು. ಒಂದು ಕಡೆಯವರು ಏಳುವ ಹೊತ್ತಿಗೆ ಇನ್ನೊಂದು ಕಡೆಯವರು ಸೋತು ಮುಗಿದಿರುತ್ತಿದ್ದರು.

ಪ್ರಶ್ನೆ: ಊರೂರಲ್ಲಿ ಕೋಟೆ ಕಟ್ಟಿ ಗೆದ್ದ ಅಂತಾರೆ. ಕೋಟೆ ಕಟ್ಟೋಕೆ ವರ್ಷಗಟ್ಟಲೆ ಬೇಡವಾ ಸಾರ್?

ಉತ್ತರ: ಕಲ್ಲಿನ ಕೋಟೆಗೆ ಬೇಕು. ಇವು ಬಹುಪಾಲು ಮಣ್ಣು ಮತ್ತು ಮರದವು. ಸುತ್ತ ಕಂದಕ ತೋಡಿ, ಅದೇ ಮಣ್ಣನ್ನು ದಿಬ್ಬದ ಹಾಗೆ ಗುಡ್ಡೆ ಹಾಕಿ, ಮೇಲೊಂದು ಮರದ ಗೋಪುರ ನಿಲ್ಲಿಸಿ, ಕೆಳಗಿನ ಅಂಗಳಕ್ಕೆ ಮರದ ಬೇಲಿ ಬಿಗಿದರೆ ಮುಗೀತು. 1069ರಲ್ಲಿ ಯಾರ್ಕ್‌ನ ಎರಡನೇ ಕೋಟೆಯನ್ನು ರಾಜ ಅಲ್ಲಿದ್ದ ಎಂಟು ದಿನಗಳಲ್ಲೇ ಎಬ್ಬಿಸಿದರು. ಅದಕ್ಕೂ ಹಿಂದಿನ ವರ್ಷ ಎಡ್ವಿನ್ ಮತ್ತು ಮೊರ್ಕಾರ್ ಎಂಬ ಅಣ್ಣತಮ್ಮಂದಿರು, ಇಬ್ಬರೂ ಅರ್ಲ್‌ಗಳು, ಅಂದರೆ ರಾಜನ ಕೈಕೆಳಗೆ ದೊಡ್ಡ ಸೀಮೆಗಳನ್ನು ಆಳುವವರು, ತಿರುಗಿ ಬಿದ್ದಾಗ ವಿಲಿಯಮ್ ವಾರ್ವಿಕ್, ನಾಟಿಂಗ್‌ಹ್ಯಾಮ್, ಯಾರ್ಕ್‌ಗೆ ಹೋಗುತ್ತಾ, ಲಿಂಕನ್, ಹಂಟಿಂಗ್‌ಡನ್, ಕೇಂಬ್ರಿಡ್ಜ್ ಮೂಲಕ ವಾಪಸ್ ಬರುತ್ತಾ ಎಲ್ಲ ಕಡೆ ಕೋಟೆ ನಿಲ್ಲಿಸಿದ. ವಾರ್ವಿಕ್‌ನಲ್ಲಿ ಕೋಟೆ ಏಳುತ್ತಿದ್ದ ಹಾಗೆ ಆ ಅಣ್ಣತಮ್ಮಂದಿರು ಬಂದು ಕ್ಷಮೆ ಕೇಳಿದರು! ಮಣ್ಣು ಹೊತ್ತವರು ಆಯಾ ಊರಿನ ಜನರೇ. ಜಾಗ ಕೊಟ್ಟವರೂ ಅವರೇ. ಲಿಂಕನ್ ಕೋಟೆಗಾಗಿ 166 ಮನೆಗಳ ಜಾಗ ಹೋಯಿತು ಅಂತ 1086ರ ಡೂಮ್ಸ್‌ಡೇ ಲೆಕ್ಕದಲ್ಲಿದೆ (ಇಂಗ್ಲೆಂಡಿನ ಜಮೀನು, ಕಂದಾಯಗಳ ಬಗ್ಗೆ ವಿಲಿಯಮ್ ಮಾಡಿಸಿದ ಲೆಕ್ಕ).

ಪ್ರಶ್ನೆ: ಹೆರಾಲ್ಡ್‌ನ ತಾಯಿಯೇ ಒಂದು ದಂಗೆಯ ಹಿಂದಿದ್ದಳು ಅಂತ ಎಲ್ಲೋ ಓದಿದ ನೆನಪು. ನಿಜವೇ?

ಉತ್ತರ: ನಿಜ. ಅವಳ ಹೆಸರು ಗೀಥಾ, ಡೇನರ, ಅಂದರೆ ಡೆನ್ಮಾರ್ಕಿನವರ, ಮನೆತನದವಳು. 1066ರ ಶರತ್ಕಾಲದಲ್ಲಿ ಮೂರು ವಾರದೊಳಗೆ ನಾಲ್ಕು ಗಂಡುಮಕ್ಕಳನ್ನು ಕಳೆದುಕೊಂಡವಳು. ಹೇಸ್ಟಿಂಗ್ಸ್‌ನಲ್ಲಿ ಮೂವರು; ಅದಕ್ಕೂ ಮೊದಲು ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಟೋಸ್ಟಿಗ್, ಅದೂ ಹೆರಾಲ್ಡ್‌ನ ಎದುರು ಪಾಳಯದಲ್ಲಿ ನಿಂತು. ಆಮೇಲೆ ಅವಳು ನೈಋತ್ಯದ ಎಕ್ಸೆಟರ್ ಪಟ್ಟಣದಲ್ಲಿದ್ದಳು.

1068ರ ಆರಂಭದಲ್ಲಿ ಪಟ್ಟಣದವರು ರಾಜನಿಗೆ ಹೇಳಿ ಕಳಿಸಿದ್ದು ಹೀಗೆ: ಹಿಂದಿನಿಂದ ಬಂದ ಕಂದಾಯ ಕೊಡುತ್ತೇವೆ, ನಿಷ್ಠೆಯ ಪ್ರಮಾಣ ಮಾಡುವುದಿಲ್ಲ, ಊರೊಳಗೂ ಬಿಡುವುದಿಲ್ಲ. ಧೈರ್ಯ ನೋಡಿ! ವಿಲಿಯಮ್ ಚಳಿಗಾಲದಲ್ಲೇ ದಂಡು ತಂದ. ಆ ದಂಡಿನಲ್ಲಿ ಇಂಗ್ಲಿಷ್ ಸೈನಿಕರೂ ಇದ್ದರು. ಒತ್ತೆಯಾಳೊಬ್ಬನ ಕಣ್ಣನ್ನು ಊರ ಬಾಗಿಲ ಎದುರೇ ಕೀಳಿಸಿದ. ಊರು ಬಗ್ಗಲಿಲ್ಲ. 18 ದಿನ ಮುತ್ತಿಗೆ ನಡೆಯಿತು, ರಾಜನ ಕಡೆಯವರೂ ಜಾಸ್ತಿ ಸತ್ತರು. ಕೊನೆಗೆ ಒಪ್ಪಂದವಾಯಿತು. ಸೈನಿಕರು ಒಳನುಗ್ಗಿ ಲೂಟಿ ಮಾಡದ ಹಾಗೆ ರಾಜ ಬಾಗಿಲಿಗೆ ಕಾವಲು ಹಾಕಿದ. ಊರೊಳಗೆ ಒಂದು ಕೋಟೆ ಮಾತ್ರ ಕಟ್ಟಿಸಿದ. ಅದರ ಹೆಬ್ಬಾಗಿಲು ಇವತ್ತಿಗೂ ನಿಂತಿದೆ. ಗೀಥಾ ತಪ್ಪಿಸಿಕೊಂಡು ಮೊದಲು ಬ್ರಿಸ್ಟಲ್ ಕಡಲ ನಡುವಿನ ಒಂದು ಪುಟ್ಟ ದ್ವೀಪಕ್ಕೆ, ಅಲ್ಲಿಂದ ಸಮುದ್ರದಾಚೆಯ ಫ್ಲಾಂಡರ್ಸ್‌ಗೆ ಹೋದಳು.

ಅವಳ ಮೊಮ್ಮಕ್ಕಳು, ಅಂದರೆ ಹೆರಾಲ್ಡ್‌ನ ಮಕ್ಕಳು, ಐರ್ಲೆಂಡಿನಿಂದ ಹಡಗು ತಂದರು. ಅಷ್ಟರಲ್ಲಿ ಎಕ್ಸೆಟರ್ ಸೋತಾಗಿತ್ತು. ಬ್ರಿಸ್ಟಲ್ ಪಟ್ಟಣದವರೇ ಅವರನ್ನು ಹೊಡೆದು ಓಡಿಸಿದರು. 1069ರಲ್ಲಿ ಡೆವನ್, ಕಾರ್ನ್‌ವಾಲ್ ಕಡೆಯ ಬಂಡಾಯಗಾರರು ಎಕ್ಸೆಟರ್ ಮೇಲೆ ಬಿದ್ದಾಗ, ಒಂದು ವರ್ಷದ ಹಿಂದೆ ರಾಜನಿಗೆ ಬಾಗಿಲು ಮುಚ್ಚಿದ್ದ ಅದೇ ಜನ ಈಗ ರಾಜನ ಪರವಾಗಿ ಹೊಡೆದಾಡಿದರು. ಕೊಳ್ಳೆ ಹೊಡೆಯಲು ಬಂದವನು ಯಾವ ವಂಶದವನಾದರೂ ಊರಿನವರಿಗೆ ಕೊಳ್ಳೆಗಾರನೇ ತಾನೇ.

ಪ್ರಶ್ನೆ: ಉತ್ತರ ಇಂಗ್ಲೆಂಡಿನಲ್ಲಿ ವಿಲಿಯಮ್ ಒಂದು ಲಕ್ಷ ಜನರನ್ನು ಕೊಂದ ಅನ್ನುವುದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲವೇ?

ಉತ್ತರ: ಸಂಖ್ಯೆ ಉತ್ಪ್ರೇಕ್ಷೆ ಇರಬಹುದು. ನಡೆದದ್ದು ಉತ್ಪ್ರೇಕ್ಷೆ ಅಲ್ಲ.

ಮೊದಲು ಹಿನ್ನೆಲೆ. 1069ರ ಜನವರಿಯಲ್ಲಿ ವಿಲಿಯಮ್ ರಾಬರ್ಟ್ ಡಿ ಕಾಮಿನ್ ಎಂಬವನನ್ನು ಉತ್ತರದ ನಾರ್ತಂಬ್ರಿಯಾ ಸೀಮೆಯ ಅರ್ಲ್ ಮಾಡಿ ಕಳಿಸಿದ. "ಹೋಗಬೇಡ, ಜನ ಕಾಯ್ತಾ ಇದ್ದಾರೆ" ಅಂತ ಡರಮ್‌ನ ಬಿಷಪ್ ಎಚ್ಚರಿಸಿದ. ಅವನು ಕೇಳಲಿಲ್ಲ. ಅವನ ಸೈನಿಕರು ಊರಲ್ಲಿ ಲೂಟಿ ಮಾಡಿ ಮಲಗಿದರು. ಬೆಳಗಿನ ಜಾವ ಜನ ಬಾಗಿಲು ಮುರಿದು ನುಗ್ಗಿ ಬೀದಿಬೀದಿಯಲ್ಲಿ ಅವರನ್ನು ಕೊಂದರು. ಅರ್ಲ್ ಇದ್ದ ಮನೆಗೆ ಬೆಂಕಿ ಹಚ್ಚಿದರು. ನೂರಾರು ಜನರಲ್ಲಿ ಬದುಕಿದವರು ಒಬ್ಬಿಬ್ಬರು. ಅಲ್ಲಿಂದ ಯಾರ್ಕ್‌ಗೂ ದಂಗೆ ಹಬ್ಬಿತು. ವಿಲಿಯಮ್ ಬಂದು ಚದುರಿಸಿ ಹೋದ.

ಶರತ್ಕಾಲದಲ್ಲಿ ಡೇನರು ಬಂದರು. ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನ (ಆಗಿನ ವರ್ಷವಾರು ಇಂಗ್ಲಿಷ್ ಚರಿತ್ರೆ) ಒಂದು ಪ್ರತಿಯ ಪ್ರಕಾರ 240 ಹಡಗು. ಎಡ್ಗರ್, ಇಂಗ್ಲಿಷ್ ಅರ್ಲ್ ವಾಲ್ಥಿಯೋಫ್, ಉತ್ತರದ ದೊಡ್ಡವರೆಲ್ಲ ಅವರ ಜೊತೆ ಸೇರಿದರು. ಯಾರ್ಕ್ ಕೋಟೆಯಲ್ಲಿದ್ದ ನಾರ್ಮನ್ನರು ಅಕ್ಕಪಕ್ಕದ ಮನೆಗಳ ಮರಮುಟ್ಟು ಶತ್ರುಗಳಿಗೆ ಕಂದಕ ತುಂಬಲು ಸಿಗಬಾರದು ಅಂತ ಆ ಮನೆಗಳನ್ನು ಸುಟ್ಟರು. ಬೆಂಕಿ ಕೈಮೀರಿ ಊರೂ, ದೊಡ್ಡ ಚರ್ಚೂ ಸುಟ್ಟುಹೋದವು. ಸೆಪ್ಟೆಂಬರ್ 21ರಂದು ಎರಡೂ ಕೋಟೆ ಬಿದ್ದವು. ಹೇಸ್ಟಿಂಗ್ಸ್ ನಂತರ ಇಷ್ಟು ದೊಡ್ಡ ಪೆಟ್ಟು ವಿಲಿಯಮ್‌ಗೆ ಬಿದ್ದಿರಲಿಲ್ಲ. ಆ ಒಂದು ಸಲ ಮಾತ್ರ ದಂಗೆಕೋರರು ಗೆಲ್ಲಬಹುದಿತ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ಗೆದ್ದ ಊರನ್ನು ಅವರು ಉಳಿಸಿಕೊಳ್ಳಲಿಲ್ಲ. ಡೇನರು ಹಡಗಿಗೆ ಮರಳಿದರು, ವಿಲಿಯಮ್ ದುಡ್ಡು ಕೊಟ್ಟು ಅವರ ನಾಯಕನನ್ನು ಸುಮ್ಮನಾಗಿಸಿದ.

ಆಮೇಲೆ ಬಂದ ಚಳಿಗಾಲವೇ ನೀವು ಕೇಳಿದ್ದು. ಸುಟ್ಟ ಯಾರ್ಕ್‌ನಲ್ಲೇ ರಾಜ ಕ್ರಿಸ್‌ಮಸ್ ಆಚರಿಸಿದ. ಕಿರೀಟವನ್ನು ವಿಂಚೆಸ್ಟರ್‌ನಿಂದ ತರಿಸಿ ತೊಟ್ಟುಕೊಂಡ. ಅವನ ದಂಡು ತುಕಡಿ ತುಕಡಿಯಾಗಿ ಹಳ್ಳಿಗಳಿಗೆ ಹೋಯಿತು. ಕಣಜ, ಬಿತ್ತನೆ ಬೀಜ, ನೇಗಿಲು, ದನಕರು ಎಲ್ಲವನ್ನೂ ಸುಟ್ಟರು. ಕತ್ತಿಯಿಂದ ಸತ್ತವರಿಗಿಂತ ಹಸಿವಿನಿಂದ ಸತ್ತವರೇ ಜಾಸ್ತಿ. ಜನ ಕುದುರೆ, ನಾಯಿ, ಬೆಕ್ಕು, ಕೊನೆಗೆ ಮನುಷ್ಯರ ಮಾಂಸವನ್ನೂ ತಿಂದರು, ಯಾರ್ಕ್ ಮತ್ತು ಡರಮ್ ನಡುವೆ ಒಂಬತ್ತು ವರ್ಷ ಉಳುಮೆ ನಡೆಯಲಿಲ್ಲ ಅಂತ ಡರಮ್‌ನಲ್ಲಿ ಬರೆದ ಚರಿತ್ರೆ ಹೇಳುತ್ತದೆ. ಎಷ್ಟೋ ದೂರದ ಈವ್‌ಶಮ್ ಮಠದ ತನಕ ನಡೆದು ಬಂದ ನಿರಾಶ್ರಿತರು, ಕೊಟ್ಟ ಅನ್ನ ಅರಗಿಸಿಕೊಳ್ಳಲೂ ಆಗದೆ ಅಲ್ಲೇ ಸತ್ತರು.

ಲಕ್ಷ ಅಂದವನು ಆರ್ಡೆರಿಕ್ ವಿಟಾಲಿಸ್ ಎಂಬ ಸನ್ಯಾಸಿ. ಹುಟ್ಟಿದ್ದು 1075ರಲ್ಲಿ, ಅಂದರೆ ಘಟನೆ ನಡೆದ ಮೇಲೆ. ತಾಯಿ ಇಂಗ್ಲಿಷ್, ತಂದೆ ಫ್ರಾನ್ಸಿನ ಓರ್ಲಿಯಾನ್ಸ್‌ನವನು. ವಿಲಿಯಮ್‌ನನ್ನು ಬೇರೆ ಕಡೆ ಹೊಗಳುವ ಆತ, ಈ ವಿಷಯಕ್ಕೆ ಬಂದಾಗ ಮಾತ್ರ ಇದನ್ನು ಹೊಗಳಲಾರೆ ಅಂತ ನೇರವಾಗಿ ಬರೆದ. ಆಗ ಇಡೀ ಇಂಗ್ಲೆಂಡಿನ ಜನಸಂಖ್ಯೆಯೇ ಸುಮಾರು 20 ಲಕ್ಷ ಇದ್ದೀತು ಅನ್ನುವ ಅಂದಾಜಿದೆ. ಹಾಗಾಗಿ ಆ ಲಕ್ಷವನ್ನು "ಎಣಿಸಲಾಗದಷ್ಟು" ಅಂತ ಓದಿಕೊಳ್ಳುವುದೇ ಸರಿ. ಹದಿನಾರು ವರ್ಷಗಳ ನಂತರ ಡೂಮ್ಸ್‌ಡೇ ಲೆಕ್ಕದಲ್ಲೂ ಯಾರ್ಕ್‌ಶೈರ್‌ನ ನೂರಾರು ಹಳ್ಳಿಗಳ ಮುಂದೆ "ಪಾಳು" ಅಂತಲೇ ಇದೆ. ಅವುಗಳಲ್ಲಿ ಕೆಲವು ಬರೀ ಕಂದಾಯ ಬಾರದ ಹಳ್ಳಿಗಳಿರಬಹುದು ಎಂದು ಇತಿಹಾಸಕಾರರು ಎಚ್ಚರಿಸುತ್ತಾರೆ. ಅದನ್ನು ಕಳೆದರೂ ಉಳಿಯುವುದು ಘೋರವೇ.

ಪ್ರಶ್ನೆ: ಹೆರೆವರ್ಡ್ ನಿಜವಾಗಿ ಇದ್ದವನಾ, ರಾಬಿನ್ ಹುಡ್ ಥರ ಕಥೆಯಾ?

ಉತ್ತರ: ಇದ್ದವನೇ, ನಾರ್ಮನ್ನರ ವಿರುದ್ಧ ನಿಂತ ಇಂಗ್ಲಿಷ್ ಬಂಡಾಯಗಾರ. ಕ್ರಾನಿಕಲ್‌ನಲ್ಲೂ ಡೂಮ್ಸ್‌ಡೇಯಲ್ಲೂ ಹೆಸರಿದೆ. 1070ರಲ್ಲಿ ಪೀಟರ್‌ಬರೋ ಮಠಕ್ಕೆ ಟುರೋಲ್ಡ್ ಎಂಬ ನಾರ್ಮನ್ ಮಠಾಧಿಪತಿ 160 ಜನರ ಜೊತೆ ಬರುತ್ತಿದ್ದಾನೆ ಅಂತ ತಿಳಿದ ಹೆರೆವರ್ಡ್ ಡೇನರ ಜೊತೆ ಸೇರಿ ಮಠದ ಬಂಗಾರವನ್ನೆಲ್ಲ ದೋಚಿದ. ಮಠದ ಮೇಲಿನ ಭಕ್ತಿಯಿಂದಲೇ ಹೀಗೆ ಮಾಡಿದೆವು ಅಂತ ಹೇಳಿಕೊಂಡರಂತೆ! ಡೇನರು ಅದನ್ನು ಹೊತ್ತು ಊರಿಗೆ ಹೊರಟರು, ಹೆರೆವರ್ಡ್ ಈಲಿಯಲ್ಲಿ ಉಳಿದ. ಈಲಿ ಆಗ ಜೌಗು ನೆಲದ ನಡುವಿನ ದ್ವೀಪ. 1071ರಲ್ಲಿ ಮೊರ್ಕಾರ್ ಕೂಡ ಅಲ್ಲಿಗೆ ಬಂದ. ಅವನ ಅಣ್ಣ ಎಡ್ವಿನ್ ಅಷ್ಟರಲ್ಲಿ ತನ್ನವರ ಕೈಯಲ್ಲೇ ಸತ್ತಿದ್ದ. ವಿಲಿಯಮ್ ಜೌಗಿಗೆ ಅಡ್ಡಲಾಗಿ ದಾರಿ ಕಟ್ಟಿಸಿ ಈಲಿ ಹಿಡಿದ. ಮೊರ್ಕಾರ್ ಸೆರೆಮನೆಗೆ ಹೋದ, ಹೆರೆವರ್ಡ್ ಕೆಲವರ ಜೊತೆ ತಪ್ಪಿಸಿಕೊಂಡ. ಗೋಪುರದ ಮೇಲೆ ಮಾಟಗಾತಿ ನಿಲ್ಲಿಸಿದ್ದು, ಹೆರೆವರ್ಡ್ ಕುಂಬಾರನ ವೇಷದಲ್ಲಿ ರಾಜನ ಪಾಳಯ ಹೊಕ್ಕಿದ್ದು, ಇವೆಲ್ಲ ಆಮೇಲೆ ಸೇರಿದ ಕಥೆಗಳು. ಓದಲು ಮಜವಾಗಿವೆ, ಅಷ್ಟೇ.

ಪ್ರಶ್ನೆ: ಗೆದ್ದ ನಾರ್ಮನ್ನರಿಗೆ ಜಮೀನು, ಪದವಿ ಎಲ್ಲ ಸಿಕ್ಕಿತ್ತು. ಅವರೇ ಯಾಕೆ ದಂಗೆ ಎದ್ದರು?

ಉತ್ತರ: ಈ ಸಲದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. 1075ರ ಅರ್ಲ್‌ಗಳ ದಂಗೆ ಹುಟ್ಟಿದ್ದು ಒಂದು ಮದುವೆ ಊಟದಲ್ಲಿ. ಹೆರೆಫರ್ಡ್‌ನ ಅರ್ಲ್ ರೋಜರ್ ತನ್ನ ತಂಗಿ ಎಮ್ಮಾಳನ್ನು ಪೂರ್ವ ಆಂಗ್ಲಿಯಾದ ಅರ್ಲ್ ರಾಲ್ಫ್‌ಗೆ ಕೊಟ್ಟ. ರೋಜರ್ ಯಾರ ಮಗ? ರಾಜನ ಆಪ್ತ ಗೆಳೆಯ ಅಂದೆನಲ್ಲ, ಆ ಫಿಟ್ಸ್‌ಆಸ್ಬರ್ನ್‌ನ ಮಗ. ಅಪ್ಪ 1071ರಲ್ಲಿ ಫ್ಲಾಂಡರ್ಸ್‌ನಲ್ಲಿ ಸತ್ತಿದ್ದ. ಅಪ್ಪನಿಗಿದ್ದಷ್ಟು ಅಧಿಕಾರ ಮಗನಿಗೆ ಸಿಗಲಿಲ್ಲ. ರಾಜನ ಅಧಿಕಾರಿಗಳಾದ ಶೆರಿಫ್‌ಗಳು ತನ್ನ ಸೀಮೆಯೊಳಗೆ ಬಂದು ನ್ಯಾಯ ತೀರ್ಮಾನ ಮಾಡುವುದು ಅವನಿಗೆ ಸಹಿಸಲಾಗಲಿಲ್ಲ. ರಾಲ್ಫ್‌ನ ತಾಯಿ ಫ್ರಾನ್ಸಿನ ಪಶ್ಚಿಮದ ಬ್ರಿಟನಿಯವಳು, ಅವನ ಸೈನಿಕರಲ್ಲೂ ಬಹಳ ಜನ ಅಲ್ಲಿನವರೇ, ಬ್ರೆಟನ್ನರು. ಆಗ ರಾಜ ಬೇರೆ ನಾರ್ಮಂಡಿಯಲ್ಲಿದ್ದ.

ಮದುವೆಗೆ ಬಂದ ಅತಿಥಿಗಳಲ್ಲಿ ವಾಲ್ಥಿಯೋಫ್ ಇದ್ದ. ಯಾರ್ಕ್‌ನಲ್ಲಿ ರಾಜನ ವಿರುದ್ಧ ಹೋರಾಡಿದ್ದವನೇ. ಆಮೇಲೆ ಕ್ಷಮೆ ಸಿಕ್ಕಿ, ರಾಜನ ಸೋದರಿಯ ಮಗಳು ಜೂಡಿತ್‌ಳನ್ನೇ ಮದುವೆಯಾಗಿದ್ದ. ಊಟ, ಕುಡಿತದ ನಡುವೆ ಮಾತು ಬಂತು: ನಮ್ಮಲ್ಲಿ ಒಬ್ಬ ರಾಜನಾಗಲಿ, ಇಬ್ಬರು ಅರ್ಲ್‌ಗಳಾಗಿರಲಿ. ವಾಲ್ಥಿಯೋಫ್ ಅಲ್ಲಿ ಏನಂದನೋ, ಆಮೇಲಂತೂ ಹೆದರಿ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ ಹತ್ತಿರ ಎಲ್ಲ ಹೇಳಿಕೊಂಡ. ಲ್ಯಾನ್‌ಫ್ರಾಂಕ್ ರೋಜರ್‌ಗೆ ಬರೆದ ಕಾಗದಗಳು ಇವತ್ತಿಗೂ ಉಳಿದಿವೆ. ಮೊದಲು "ನಿನ್ನ ಅಪ್ಪ ಎಂಥವನು, ನೀನು ಹೀಗೆ ಮಾಡಬಹುದಾ" ಅನ್ನುವ ಧಾಟಿ, ಕೊನೆಗೆ ಧರ್ಮದಿಂದ ಬಹಿಷ್ಕಾರ.

ದಂಗೆ ಅಡಗಿಸಿದವರು ಯಾರು ಅನ್ನುವುದು ಇನ್ನೂ ಸ್ವಾರಸ್ಯ. ರೋಜರ್ ಸೆವರ್ನ್ ನದಿ ದಾಟದ ಹಾಗೆ ತಡೆದವರಲ್ಲಿ ವೂಸ್ಟರ್‌ನ ಬಿಷಪ್ ವುಲ್ಫ್‌ಸ್ಟನ್ ಮತ್ತು ಈವ್‌ಶಮ್‌ನ ಮಠಾಧಿಪತಿ ಎಥೆಲ್‌ವಿಗ್ ಇದ್ದರು. ಇಬ್ಬರೂ ಇಂಗ್ಲಿಷರು! ಐದು ವರ್ಷದ ಹಿಂದೆ ಉತ್ತರದ ನಿರಾಶ್ರಿತರಿಗೆ ಅನ್ನ ಹಾಕಿದವನೂ ಇದೇ ಎಥೆಲ್‌ವಿಗ್. ಅದೇ ಕೈ ಈಗ ವಿಲಿಯಮ್‌ನ ರಾಜ್ಯ ಕಾಪಾಡಿತು. ಅವನಿಗೆ ರಾಜನ ಮೇಲೆ ಪ್ರೀತಿ ಉಕ್ಕಿತ್ತು ಅಂತ ನಾನು ನಂಬುವುದಿಲ್ಲ. ಇಬ್ಬರು ದೊಡ್ಡ ಮನುಷ್ಯರ ಜಗಳಕ್ಕೆ ಮತ್ತೊಮ್ಮೆ ಹಳ್ಳಿಗಳು ಸುಡುವುದು ಬೇಡ ಅನ್ನಿಸಿರಬೇಕು.

ರಾಲ್ಫ್ ಸೋತು ಹಡಗು ಹತ್ತಿದ. ಹೊಸ ಹೆಂಡತಿ ಎಮ್ಮಾ ಮಾತ್ರ ನಾರ್ವಿಚ್ ಕೋಟೆಯೊಳಗೆ ಮೂರು ತಿಂಗಳು ತಡೆದು ನಿಂತು, ತನಗೂ ತನ್ನ ಸೈನಿಕರಿಗೂ ಪ್ರಾಣಭಿಕ್ಷೆಯ ಮಾತು ಪಡೆದೇ ಹೊರಬಂದಳು. ಇಡೀ ದಂಗೆಯಲ್ಲಿ ಮರ್ಯಾದೆಯಿಂದ ಹೊರನಡೆದವಳು ಅವಳೊಬ್ಬಳೇ. ಡೇನರು? 200 ಹಡಗು ತಂದರು, ಎಲ್ಲ ಮುಗಿದ ಮೇಲೆ. ಯಾರ್ಕ್‌ನ ಚರ್ಚ್ ದೋಚಿಕೊಂಡು ಹೋದರು.

ಪ್ರಶ್ನೆ: ತಪ್ಪೊಪ್ಪಿಕೊಂಡ ವಾಲ್ಥಿಯೋಫ್‌ಗೆ ಮರಣದಂಡನೆ, ದಂಗೆ ನಡೆಸಿದ ರೋಜರ್‌ಗೆ ಬರೀ ಜೈಲು. ಇದೆಂಥ ನ್ಯಾಯ?

ಉತ್ತರ: ಆಗ ಕೊಟ್ಟ ಕಾರಣ ಕಾನೂನಿನದು. ನಾರ್ಮನ್ ಪದ್ಧತಿಯಲ್ಲಿ ರಾಜದ್ರೋಹಕ್ಕೆ ಆಸ್ತಿ ಜಪ್ತಿ ಮತ್ತು ಸೆರೆ, ಇಂಗ್ಲಿಷ್ ಪದ್ಧತಿಯಲ್ಲಿ ಸಾವು. ಒಂದೇ ದೇಶ, ಒಂದೇ ಅಪರಾಧ, ಹುಟ್ಟು ನೋಡಿ ಶಿಕ್ಷೆ. ಹೆಂಡತಿ ಜೂಡಿತ್‌ಳೇ ಅವನ ವಿರುದ್ಧ ಹೇಳಿದಳು ಅಂತ ಆರ್ಡೆರಿಕ್ ಬರೆಯುತ್ತಾನೆ. ಎರಡನೇ ಸಲ ಸಿಕ್ಕಿಬಿದ್ದವನು, ಉತ್ತರದ ಜನರಿಗೆ ಬೇಕಾದವನು. ಅವನು ಇಲ್ಲದಿದ್ದರೇ ರಾಜನಿಗೆ ಅನುಕೂಲ ಅನ್ನುವುದನ್ನೂ ಮರೆಯಬಾರದು. 1076ರ ಮೇ 31ರ ಬೆಳಗ್ಗೆ ವಿಂಚೆಸ್ಟರ್‌ನ ಹೊರಗಿನ ಗುಡ್ಡದ ಮೇಲೆ ತಲೆ ಕಡಿದರು. ಕ್ರೋಲಂಡ್ ಮಠದಲ್ಲಿ ಅವನ ಸಮಾಧಿ ಆಯಿತು, ಜನ ಅಲ್ಲಿಗೆ ಹರಕೆ ಹೊತ್ತು ಹೋಗತೊಡಗಿದರು. ರೋಜರ್ ಸೆರೆಯಲ್ಲೂ ಬಗ್ಗಲಿಲ್ಲ. ರಾಜ ಈಸ್ಟರ್‌ಗೆ ಒಳ್ಳೆ ಬಟ್ಟೆ ಕಳಿಸಿದರೆ ಬೆಂಕಿಗೆ ಹಾಕಿದನಂತೆ. ಇವನು ಹೊರಗೆ ಬರಲೇಬಾರದು ಅಂತ ರಾಜ ಆಣೆ ಇಟ್ಟ.

ಪ್ರಶ್ನೆ: ಹೆತ್ತ ಮಗನೇ ವಿಲಿಯಮ್ ಮೇಲೆ ಕತ್ತಿ ಎತ್ತಿದನಂತೆ?

ಉತ್ತರ: ಹೌದು, ದೊಡ್ಡ ಮಗ ರಾಬರ್ಟ್. ನಾರ್ಮಂಡಿ ನಿನಗೆ ಅಂತ ಹೇಳಿದ ಅಪ್ಪ ಅಧಿಕಾರ ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ತಮ್ಮಂದಿರು ಮಹಡಿಯಿಂದ ತಲೆ ಮೇಲೆ ಕೊಳಕು ನೀರು ಸುರಿದದ್ದು ನೆಪವಾಯಿತು. 1079ರ ಆರಂಭದಲ್ಲಿ ಜರ್ಬೆರ್ವಾ ಕೋಟೆಯ ಮುಂದೆ ಅಪ್ಪ, ಮಗನ ದಂಡುಗಳು ಎದುರಾದವು. ರಾಜನಿಗೆ ಗಾಯವಾಯಿತು, ಕುದುರೆ ಸತ್ತುಬಿತ್ತು. ಇನ್ನೊಂದು ಕುದುರೆ ತಂದುಕೊಟ್ಟವನು ಟೋಕಿ, ವಾಲಿಂಗ್‌ಫರ್ಡ್‌ನ ವಿಗೋಡ್‌ನ ಮಗ, ಅಪ್ಪಟ ಇಂಗ್ಲಿಷವನು. ಕುದುರೆ ಕೊಡುತ್ತಿದ್ದ ಹಾಗೆ ಬಾಣ ತಗುಲಿ ಅಲ್ಲೇ ಸತ್ತ. ರಾಣಿ ಮಟಿಲ್ಡಾ ಗುಟ್ಟಾಗಿ ಮಗನಿಗೆ ಹಣ ಕಳಿಸುತ್ತಿದ್ದಳು ಅಂತಲೂ ಇದೆ. 1080ರ ಹೊತ್ತಿಗೆ ರಾಜಿಯಾಯಿತು, ಬಹಳ ದಿನ ಉಳಿಯಲಿಲ್ಲ.

ಪ್ರಶ್ನೆ: ಮೊದಲು ರಾಜ ಅಂತ ಆರಿಸಿದ್ದ ಆ ಹುಡುಗ ಎಡ್ಗರ್ ಕೊನೆಗೆ ಏನಾದ?

ಉತ್ತರ: ಬಹಳ ಕಾಲ ಬದುಕಿದ! ಅಕ್ಕ ಮಾರ್ಗರೆಟ್ ಸ್ಕಾಟ್ಲೆಂಡಿನ ರಾಜ ಮೂರನೇ ಮಾಲ್ಕಮ್‌ನನ್ನು ಮದುವೆಯಾದ್ದರಿಂದ ಅಲ್ಲಿ ಆಸರೆ ಸಿಕ್ಕಿತ್ತು. 1074ರಲ್ಲಿ ವಿಲಿಯಮ್ ಜೊತೆ ರಾಜಿ ಮಾಡಿಕೊಂಡ. ಮುಂದೆ ರಾಬರ್ಟ್‌ನ ಗೆಳೆಯನಾದ. 1106ರಲ್ಲಿ ಟಿಂಚೆಬ್ರೇ ಯುದ್ಧದಲ್ಲಿ ಅವನ ಪರ ನಿಂತು, ವಿಲಿಯಮ್‌ನ ಕಿರಿಮಗ ಹೆನ್ರಿಗೆ ಸೆರೆ ಸಿಕ್ಕ. ಹೆನ್ರಿ ತನ್ನ ಸ್ವಂತ ಅಣ್ಣ ರಾಬರ್ಟ್‌ನನ್ನು ಸಾಯುವವರೆಗೆ ಸೆರೆಯಲ್ಲಿಟ್ಟ, ಎಡ್ಗರ್‌ನನ್ನು ಬಿಟ್ಟು ಕಳಿಸಿದ. ಹೆನ್ರಿಯ ಹೆಂಡತಿ ಎಡ್ಗರ್‌ನ ಅಕ್ಕನ ಮಗಳು, ಅದೂ ಕಾರಣ ಇದ್ದೀತು. ಸುಮಾರು 1125ರಲ್ಲಿ ಅವನು ವಯಸ್ಸಾಗಿ ಹಳ್ಳಿಯೊಂದರಲ್ಲಿ ಇದ್ದ ಅಂತ ಮಾಮ್ಸ್‌ಬರಿಯ ಸನ್ಯಾಸಿ ವಿಲಿಯಮ್ ಬರೆದಿದ್ದಾನೆ.